ಕೊತ್ತಂಬರಿ ಕಾಳಿನಷ್ಟು ಮುಖ

ಪೈಲಟ್ಟಿಗೆ ಮೀಸೆ ಇದೆ ಎಂಬುದು ನಕ್ಷೆಗಾರನ ಕಣ್ಣಿಗೆ ಬಿದ್ದದ್ದು ಭಾನುವಾರ ಬೆಳಿಗ್ಗೆ, ಇನ್ನೂ ಹಲ್ಲು ಕೂಡ ಉಜ್ಜದೆ, ಭೂತಗನ್ನಡಿ ಹಿಡಿದು ಮೇಜಿನ ಮೇಲೆ ಬಗ್ಗಿ ನಿಂತಾಗ. ಬರೀ ಮೀಸೆಯಾಗಿದ್ದರೆ ಹೇಗೋ ಸಹಿಸಿಕೊಳ್ಳಬಹುದಿತ್ತು. ಮೀಸೆಯ ಕೆಳಗೆ, ಎಡಕ್ಕೆ ಒಂದಿಷ್ಟು ವಾರೆಯಾಗಿ, ಆಸಾಮಿ ನಗುತ್ತಿದ್ದ. ಇಡೀ ತಲೆ ಸೇರಿಸಿದರೂ ಒಂದು ಕೊತ್ತಂಬರಿ ಕಾಳಿನಷ್ಟಿಲ್ಲ. ಅಷ್ಟರಲ್ಲೇ ಮೀಸೆ, ಸಾಲದ್ದಕ್ಕೆ ನಗು ಬೇರೆ. ನಕ್ಷೆಗಾರ ಕನ್ನಡಿಯನ್ನು ಹತ್ತಿರ ತಂದ, ದೂರ ಹಿಡಿದ. ದೂರ ಹಿಡಿದಾಗ ಪೈಲಟ್ಟು ತಲೆಕೆಳಗಾದ. ಆಗಲೂ ನಗುತ್ತಲೇ ಇದ್ದ. ಈ ಮುಖವನ್ನು ಎಲ್ಲೋ ನೋಡಿದ್ದೇನೆ ಅನ್ನಿಸಿತು. ತನ್ನದಂತೂ ಖಂಡಿತ ಅಲ್ಲ. ತಾನು ಮೀಸೆ ಬಿಟ್ಟವನಲ್ಲ. ಒಮ್ಮೆ ಬಿಟ್ಟಾಗ ಆಫೀಸಿನಲ್ಲಿ ‘ಏನ್ ಸಾರ್, ಮುಖ ತೊಳ್ಕೊಂಡಿಲ್ವಾ?’ ಎಂದು ಕೇಳಿದ್ದರು. ನಗುವೂ ಹೀಗೆ ಒಂದು ಕಡೆಗೆ ವಾಲುವಂಥದಲ್ಲ. ಮದುವೆಯ ಫೋಟೋದಲ್ಲೇ ಗುರುತಿನ ಚೀಟಿಗೆ ಕುಳಿತವನ ಹಾಗಿದ್ದಾನೆ. ಹಾಗಾದರೆ, ತಾನು ತಿಂಗಳುಗಟ್ಟಲೆ ಕೂತು ಅಂಟಿಸಿದ, ಉಜ್ಜಿದ, ಬಣ್ಣ ಹೊಡೆದ ವಿಮಾನದಲ್ಲಿ ತನ್ನ ಹೆಂಡತಿ ತಂದು ಕೂರಿಸಿದ ಈ ಗಂಡಸು ಯಾರು?

ಪ್ರಶ್ನೆ ಎಷ್ಟು ನಗೆಪಾಟಲಿನದೆಂದು ಅವನಿಗೆ ಗೊತ್ತಿಲ್ಲದೆ ಇರಲಿಲ್ಲ. ಐವತ್ತು ದಾಟಿದವನು, ನಗರ ಯೋಜನಾ ಕಚೇರಿಯ ಹಿರಿಯ ನಕ್ಷೆಗಾರ, ಮಲಗಿ ಎದ್ದ ಬಟ್ಟೆಯಲ್ಲೇ ನಿಂತು ಒಂದು ಪ್ಲಾಸ್ಟಿಕ್ ಬೊಂಬೆಯ ಮೇಲೆ ಹೊಟ್ಟೆಕಿಚ್ಚು ಪಡುತ್ತಿದ್ದಾನೆ. ಬೇರೆ ಯಾರಾದರೂ ಹೀಗೆ ಮಾಡಿದ್ದರೆ ಅವನೇ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಆದರೆ ನಗೆಪಾಟಲು ಎಂದು ಗೊತ್ತಾದ ಮಾತ್ರಕ್ಕೆ ಹೊಟ್ಟೆಯ ಉರಿ ಆರುವುದಿಲ್ಲ; ನಗುವ ಹಕ್ಕು ಹೋಗುತ್ತದೆ, ಅಷ್ಟೆ. ಮೇಜಿನ ತುಂಬ ಬಣ್ಣದ ಪುಟ್ಟ ಪುಟ್ಟ ಸೀಸೆಗಳು, ಅಂಟುಪಟ್ಟಿಯ ಚೂರುಗಳು, ತುದಿ ಮುರಿದ ಚಿಮುಟ. ಮೂಲೆಯಲ್ಲಿ ಗಾಳಿ ತುಂಬುವ ಕಂಪ್ರೆಸರ್, ಹೆಂಡತಿ ಅದಕ್ಕೆ ಇಟ್ಟ ಹೆಸರು ‘ನಿಮ್ಮ ಎಮ್ಮೆ’. ನಡುವೆ, ಗೇಣಿಗಿಂತ ತುಸು ಉದ್ದ ರೆಕ್ಕೆ ಚಾಚಿಕೊಂಡು, ಹಳೆಯ ಯಾವುದೋ ಯುದ್ಧದ ಒಂಟಿ ಇಂಜಿನ್ನಿನ ವಿಮಾನ. ಬೆನ್ನ ಮೇಲೆ ಹಸಿರು ಮತ್ತು ಬೂದು, ಹೊಟ್ಟೆಗೆ ತಿಳಿ ಆಕಾಶದ ಬಣ್ಣ. ಪೈಲಟ್ಟಿನ ತಲೆಯ ಮೇಲೆ ಕೂರಬೇಕಾದ ಪಾರದರ್ಶಕ ಮುಚ್ಚಳ, ಇವರ ಮಾದರಿ ವಿಮಾನಗಳ ಸಂಘದಲ್ಲಿ ‘ಗಾಜು’ ಎಂದೇ ಕರೆಯುವ ಪ್ಲಾಸ್ಟಿಕ್ಕಿನ ಬುರುಡೆ, ಒಂದು ತಟ್ಟೆಯಲ್ಲಿ ಬೇರೆಯಾಗಿ ಮಲಗಿತ್ತು. ಅದನ್ನು ಅಂಟಿಸಿದರೆ ಕೆಲಸ ಮುಗಿಯಿತು. ಮಧ್ಯಾಹ್ನ ಸಂಘದ ವಾರ್ಷಿಕ ಪ್ರದರ್ಶನ.

ಹೆಂಡತಿಯ ಕೆಲಸ ಹಲ್ಲು ಮಾಡುವುದು. ದಂತವೈದ್ಯರು ಅಚ್ಚು ತೆಗೆದು ಲ್ಯಾಬಿಗೆ ಕಳಿಸುತ್ತಾರೆ. ಅಲ್ಲಿ ಒಬ್ಬಳು ಮೇಣದಲ್ಲಿ ಆಕಾರ ಕೊಡುತ್ತಾಳೆ, ಇನ್ನೊಬ್ಬಳು ಪಿಂಗಾಣಿ ತುಂಬುತ್ತಾಳೆ, ಕೊನೆಯಲ್ಲಿ ಇವಳು ಕೂದಲಿನಂಥ ಕುಂಚದಿಂದ ಬಣ್ಣ ಹಾಕುತ್ತಾಳೆ. ಬುಡಕ್ಕೆ ಹಳದಿ, ತುದಿಗೆ ನೀಲಿಯ ನೆರಳು, ಪಕ್ಕದ ಹಲ್ಲಿನಲ್ಲಿ ಕಲೆ ಇದ್ದರೆ ಇದರಲ್ಲೂ ಒಂದು ಕಲೆ. ಊಟದ ಹೊತ್ತಿನಲ್ಲಿ ಅವಳು ಇದನ್ನೆಲ್ಲ ಹೇಳಿದ್ದಾಳೆ. ಅವನು ಹೂಂ ಅಂದಿದ್ದಾನೆ. ‘ಹಾಕಿಸ್ಕೊಂಡವರಿಗೇ ಯಾವುದು ಅಂತ ಮರ್ತು ಹೋಗ್ಬೇಕು, ಆವಾಗ ನಾವು ಗೆದ್ದಂಗೆ,’ ಎಂದಿದ್ದಾಳೆ. ಅದಕ್ಕೂ ಹೂಂ. ಅವನ ಹೂಂಗಳನ್ನೆಲ್ಲ ಕೂಡಿಟ್ಟಿದ್ದರೆ ಒಂದು ಕಂಪ್ರೆಸರ್ ನಡೆಸುವಷ್ಟು ಗಾಳಿ ಆಗುತ್ತಿತ್ತು.

ಪೈಲಟ್ಟಿನ ತಲೆಯನ್ನು ಅವಳ ಕೈಗೆ ಕೊಟ್ಟವನು ಅವನೇ. ಹೋದ ವಾರ, ಆದಷ್ಟು ಹಗುರವಾದ ಧ್ವನಿಯಲ್ಲಿ, ‘ಕನ್ನಡಕದ ನಂಬರ್ ಬದಲಾಗಿದೆ ಅನ್ಸುತ್ತೆ, ಈ ಮುಖಕ್ಕೆ ಸ್ವಲ್ಪ ಚರ್ಮದ ಬಣ್ಣ ಬಳಿದುಕೊಡು,’ ಎಂದಿದ್ದ. ಬಳಿದುಕೊಡು ಅಂದಿದ್ದೇ ಹೊರತು ಬರೆದುಕೊಡು ಅಂದಿರಲಿಲ್ಲ. ಕನ್ನಡಕಕ್ಕೆ ಏನೂ ಆಗಿರಲಿಲ್ಲ. ಆಗಿದ್ದು ಕೈಗೆ. ಒಂದು ಕಾಲದಲ್ಲಿ ಆ ಕೈ ಇಡೀ ಕಚೇರಿಗೆ ಪ್ರಸಿದ್ಧ; ನಕ್ಷೆಯ ಮೂಲೆಯಲ್ಲಿ ಅವನು ಮಸಿಯಲ್ಲಿ ಬರೆದ ಅಕ್ಷರವನ್ನು ಅಚ್ಚಿನದೆಂದು ಮೇಲಧಿಕಾರಿಗಳು ಉಗುರಿನಿಂದ ಕೆರೆದು ನೋಡುತ್ತಿದ್ದರು. ಆಮೇಲೆ ಕಂಪ್ಯೂಟರ್ ಬಂತು. ಎಲ್ಲರೂ ಗೊಣಗಿದರು; ಅವನೂ ಗೊಣಗಿದ. ಆದರೆ ಬೆರಳುಗಳು ಸಣ್ಣಗೆ, ದೂರದಲ್ಲಿ ಲಾರಿ ಹೋದಾಗ ಕಿಟಕಿಯ ಗಾಜು ಅದುರುವಷ್ಟು ಸಣ್ಣಗೆ ಅದುರಲು ಶುರುವಾದಾಗ, ಅದೇ ಕಂಪ್ಯೂಟರಿಗೆ ಮನಸ್ಸಿನಲ್ಲೇ ಕೈಮುಗಿದ. ಮೌಸಿನ ಗುಂಡಿಗೆ ಕೈ ನಡುಗುವುದು ತಿಳಿಯುವುದಿಲ್ಲ. ಚಹಾ ಕಪ್ಪಿಗೆ ತಿಳಿಯುತ್ತದೆ. ಅದಕ್ಕೇ ಕ್ಯಾಂಟೀನಿನವನಿಗೆ ‘ಅರ್ಧ ಸಾಕಪ್ಪ, ಹೊಟ್ಟೆಗಾಗಲ್ಲ,’ ಎಂದು ಹೇಳಿಹೇಳಿ, ಬೆನ್ನ ಹಿಂದೆ ಅವನಿಗೆ ‘ಅರ್ಧ ಕಪ್’ ಎಂಬ ಹೆಸರು ಬಿದ್ದಿದೆ. ವೈದ್ಯರ ಹತ್ತಿರ ಹೋಗಿಲ್ಲ. ಹೋದರೆ ಅವರು ಅದಕ್ಕೊಂದು ಹೆಸರು ಹೇಳುತ್ತಾರೆ. ಒಂದು ಹೆಸರೇ ಸಾಕಾಗಿದೆ.

ಏರ್‌ಬ್ರಶ್ಶಿನದು ಮಾತ್ರ ದೊಡ್ಡ ಮನಸ್ಸು. ಪೆನ್ನಿನಷ್ಟು ಉದ್ದದ ಆ ಸಾಧನದ ಗುಂಡಿ ಒತ್ತಿದರೆ ಗಾಳಿ, ಹಿಂದಕ್ಕೆ ಎಳೆದರೆ ಬಣ್ಣ. ಬಣ್ಣ ಹಾಲಿನ ಹದಕ್ಕೆ ಬರಬೇಕು. ಗಟ್ಟಿಯಾದರೆ ಉಗುಳುತ್ತದೆ, ನೀರಾದರೆ ಜೇಡನ ಕಾಲಿನ ಹಾಗೆ ಹರಡುತ್ತದೆ. ಹದ ಸಿಕ್ಕಿತೆಂದರೆ ಅದು ವಿಮಾನವನ್ನು ಮುಟ್ಟುವುದೇ ಇಲ್ಲ, ಉಸಿರು ಬಿಟ್ಟ ಹಾಗೆ ಬಣ್ಣ ಬಿಡುತ್ತದೆ. ಕೈ ನಡುಗಿದ್ದೆಲ್ಲ ಹಸಿರು ಬೂದು ಬಣ್ಣದೊಳಗೆ ಕರಗುವ ಮೆತ್ತನೆಯ ಅಂಚಾಗಿ ಬಂದುಬಿಡುತ್ತದೆ. ಹೋದ ವರ್ಷ ಸಂಘದಲ್ಲಿ ‘ಆಹಾ, ಅಂಚು ಎಷ್ಟು ಮೃದು!’ ಎಂದು ಹೊಗಳಿದಾಗ ಅವನು ನಮ್ರತೆಯಿಂದ ತಲೆ ತಗ್ಗಿಸಿದ್ದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವನು ಅವಳಿಗಿಂತ ಒಂದು ಕೈ ಮೇಲು, ಎಡವಿದ್ದನ್ನೇ ಹೊಸ ಹೆಜ್ಜೆ ಎಂದು ತೋರಿಸಿ ಚಪ್ಪಾಳೆ ಗಿಟ್ಟಿಸಿಕೊಂಡವನು. ಆದರೆ ಪೈಲಟ್ಟಿನ ಮುಖಕ್ಕೆ ಏರ್‌ಬ್ರಶ್ ನಡೆಯುವುದಿಲ್ಲ, ಕುಂಚವೇ ಬೇಕು. ಕುಂಚ ಚಾಡಿಕೋರ. ಗುಟ್ಟಾಗಿ ಪ್ರಯತ್ನ ಮಾಡಿ, ಪೈಲಟ್ಟಿಗೆ ಸಿಡುಬು ಬಂದ ಹಾಗಾಗಿ, ಬಣ್ಣ ತೊಳೆದು, ಮತ್ತೆ ಬಳಿದು, ಮತ್ತೆ ತೊಳೆದು, ಕೊನೆಗೆ ತಪ್ಪನ್ನು ಕನ್ನಡಕದ ಮೇಲೆ ಹಾಕಿದ್ದ.

ಅಡುಗೆಮನೆಯಲ್ಲಿ ಹೆಂಡತಿ ಬ್ರೆಡ್ಡು ಕಾಯಿಸುತ್ತಿದ್ದಳು. ಇಸ್ತ್ರಿ ಮಾಡಿದ ಅವಳ ಬಟ್ಟೆ ಆಗಲೇ ಕುರ್ಚಿಯ ಬೆನ್ನಿಗೆ ನೇತುಬಿದ್ದಿತ್ತು, ಮದುವೆ ಮುಂಜಿಗೆ ಮಾತ್ರ ಕಪಾಟಿನಿಂದ ಇಳಿಯುವ ಬಟ್ಟೆ.

“ಎಷ್ಟೊತ್ತಿಗೆ ನಿಮ್ಮ ವಿಮಾನದ ಜಾತ್ರೆ?”

“ಪ್ರದರ್ಶನ,” ಎಂದ.

“ಅದೇ. ನಾನೂ ಬರ್ತೀನಿ. ಲ್ಯಾಬಿನವರಿಬ್ರೂ ಬರ್ತಾರಂತೆ.”

ಇಷ್ಟು ವರ್ಷಗಳಲ್ಲಿ ಅವಳು ಒಮ್ಮೆಯೂ ಬಂದವಳಲ್ಲ. ಬಚ್ಚಲಮನೆಯಲ್ಲಿ ಧೂಳು ಕೂರಲೆಂದು ಬಿಸಿನೀರಿನ ಹಬೆ ಬಿಟ್ಟುಕೊಂಡು, ಬಾಗಿಲು ಹಾಕಿಕೊಂಡು ಅವನು ರೆಕ್ಕೆಗೆ ಬಣ್ಣ ಹೊಡೆಯುವಾಗ, ಹೊರಗೆ ಟವೆಲ್ ಹಿಡಿದು ನಿಂತು ‘ವಿಮಾನ ಇಳೀತಾ, ನಾನು ಸ್ನಾನ ಮಾಡ್ಬಹುದಾ?’ ಎಂದು ಕೇಳುವಷ್ಟರ ಮಟ್ಟಿಗೇ ಅವಳಿಗೂ ಈ ಹವ್ಯಾಸಕ್ಕೂ ಸಂಬಂಧ.

“ನಿಂಗ್ಯಾಕೆ ತೊಂದ್ರೆ? ಬೇಜಾರಾಗುತ್ತೆ. ಎಲ್ಲ ಬರೀ ರೆಕ್ಕೆ, ಚಕ್ರ ಅಂತ ಮಾತಾಡ್ತಿರ್ತಾರೆ.”

“ಆಡ್ಲಿ ಬಿಡಿ. ನಾವು ಪೈಲಟ್‌ನ ನೋಡ್ಕೊಂಡು ಬಂದ್ಬಿಡ್ತೀವಿ.” ಅವಳು ಬ್ರೆಡ್ಡು ಮಗುಚಿದಳು. “ಕಣ್ಣಿಗೇ ಎರಡು ಸಂಜೆ ಹಿಡೀತು ರೀ. ಹಲ್ಲಾದ್ರೆ ಕಣ್ಮುಚ್ಕೊಂಡು ಮಾಡ್ತೀನಿ, ಕಣ್ಣು ಮಾಡೋಕೆ ಕಷ್ಟ ಆಯ್ತು.”

“ಮೀಸೆ ಬರ್ದಿದ್ದೀಯ,” ಎಂದ ಅವನು.

“ಹೂಂ. ಚೆನ್ನಾಗಿದೆ ಅಲ್ವಾ? ಮೀಸೆ ಇಲ್ದೆ ಒಂಥರಾ ಬೋಳು ಬೋಳು ಕಾಣ್ತಿತ್ತು.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಕ್ಷೆಗಾರನ ಕೈ ತಾನಾಗಿಯೇ ಮೇಲ್ದುಟಿಗೆ ಹೋಯಿತು. ಬೋಳು ಬೋಳು. ಇಷ್ಟು ವರ್ಷ ಎದುರಿಗೆ ಕೂತು ಉಂಡವಳು, ಒಂದು ಬೊಂಬೆಯ ನೆಪದಲ್ಲಿ ಮನಸ್ಸಿನಲ್ಲಿದ್ದದ್ದನ್ನು ಹೇಳಿದ್ದಳು. ಯಾರನ್ನು ನೋಡಿ ಬರೆದೆ ಎಂದು ಕೇಳಬೇಕೆಂದುಕೊಂಡ. ಬಾಯಿಯಲ್ಲಿ ಬ್ರೆಡ್ಡಿತ್ತು. ನುಂಗುವಷ್ಟರಲ್ಲಿ ಧೈರ್ಯವೂ ಒಳಗೆ ಹೋಯಿತು. ಅವಳು ಸಿಂಕಿನ ಮುಂದೆ ಬೆನ್ನು ಮಾಡಿಕೊಂಡು ಏನೋ ಗುನುಗುತ್ತ ತಟ್ಟೆ ತೊಳೆಯುತ್ತಿದ್ದಳು. ಅವಳು ಗುನುಗುತ್ತಾಳೆ ಎಂಬುದೂ ಅವನಿಗೆ ಇವತ್ತೇ ಗೊತ್ತಾದದ್ದು, ಅಥವಾ ಇವತ್ತೇ ಅದರಲ್ಲಿ ದೋಷ ಕಂಡದ್ದು.

ಮತ್ತೆ ಮೇಜಿನ ಮುಂದೆ ಬಂದು ಕೂತಾಗ, ಮಧ್ಯಾಹ್ನದ ದೃಶ್ಯ ಒಂದೊಂದಾಗಿ ಕಣ್ಣ ಮುಂದೆ ಬಂತು. ಸಂಘದವರೆಲ್ಲ ವಿಮಾನದ ಸುತ್ತ ನಿಂತಿರುತ್ತಾರೆ. ಯಾರೋ ‘ಮುಖ ನೋಡ್ರೀ, ಏನು ಕೈ!’ ಅನ್ನುತ್ತಾರೆ. ಇವಳು, ಸುಳ್ಳು ಹೇಳಲು ಬಾರದವಳು, ‘ಅದು ನಾನು ಬರೆದದ್ದು’ ಅನ್ನುತ್ತಾಳೆ. ಯಾಕೆ ಎಂದು ಅವರು ಕೇಳುತ್ತಾರೆ. ಕನ್ನಡಕ ಎಂದು ಇವಳು ಹೇಳುತ್ತಾಳೆ. ಸಂಘದ ಅಧ್ಯಕ್ಷರು ಕಾಲವೆಲ್ಲ ಕನ್ನಡಕದ ಅಂಗಡಿ ನಡೆಸಿದವರು, ಅಲ್ಲೇ ಅವನ ಕಣ್ಣಿಗೆ ಟಾರ್ಚು ಬಿಟ್ಟು ನೋಡುತ್ತಾರೆ. ಕಣ್ಣು ಸರಿಯಾಗಿದೆಯಲ್ಲ, ಕೈ ತೋರಿಸಿ ಅನ್ನುತ್ತಾರೆ. ಮೃದುವಾದ ಅಂಚಿನ ಗುಟ್ಟು ಅಲ್ಲಿಗೆ ರಟ್ಟಾಗುತ್ತದೆ. ಇಷ್ಟೆಲ್ಲ ಆಗುವಾಗ, ಆ ಮೀಸೆಯವನು ಒಳಗೆ ಕೂತು ವಾರೆಯಾಗಿ ನಗುತ್ತಲೇ ಇರುತ್ತಾನೆ.

ಗಾಜು ಅಂಟಿಸುವುದಕ್ಕೆ ಇರುವುದು ಬಿಳಿ ಗೋಂದು. ಮಕ್ಕಳು ಶಾಲೆಯಲ್ಲಿ ಕಾಗದ ಅಂಟಿಸುವ ಸಾಧು ಗೋಂದು; ಒಣಗಲು ಅರ್ಧ ದಿನ ಬೇಕು, ಆದರೆ ಕಲೆ ಮಾಡುವುದಿಲ್ಲ. ಸೂಪರ್ ಗ್ಲೂ ಕ್ಷಣದಲ್ಲಿ ಹಿಡಿಯುತ್ತದೆ, ಆದರೆ ಅದರಿಂದ ಏಳುವ ಆವಿ ಮುಚ್ಚಿದ ಜಾಗದಲ್ಲಿ ಸಿಕ್ಕಿಬಿದ್ದರೆ ಒಳಗಿರುವುದರ ಮೇಲೆಲ್ಲ ಬೆಳ್ಳಗೆ ಕೂತುಬಿಡುತ್ತದೆ. ಉಜ್ಜಿದರೂ ಹೋಗದು. ಇದು ಈ ಹವ್ಯಾಸದ ಮೊದಲನೆಯ ಪಾಠ. ಹೊಸದಾಗಿ ಸಂಘಕ್ಕೆ ಸೇರಿದವರಿಗೆ ಈ ಪಾಠ ಹೇಳುವವನೂ ಅವನೇ. ‘ಗಾಜಿಗೆ ಸೂಪರ್ ಗ್ಲೂ ಮುಟ್ಟಿಸಿದವನು ನನ್ನ ಶಿಷ್ಯನೇ ಅಲ್ಲ’ ಎಂದು ಬೆರಳೆತ್ತಿ ಹೇಳುವಾಗ ಅವನಿಗೆ ತನ್ನ ಧ್ವನಿ ಬಹಳ ಹಿಡಿಸುತ್ತದೆ. ಈಗ ಎರಡೂ ಸೀಸೆ ಮುಂದಿದ್ದವು. ಬಿಳಿ ಗೋಂದು ಒಣಗಲು ಹೊತ್ತಿಲ್ಲ, ಬಸ್ಸಿನ ಕುಲುಕಾಟಕ್ಕೆ ಗಾಜು ಕಿತ್ತುಬರುತ್ತದೆ ಎಂದುಕೊಂಡ. ಇದು ನಿಜವೂ ಆಗಿತ್ತು. ಅಂಟುಪಟ್ಟಿಯ ಒಂದು ಚೂರು ಹಾಕಿದ್ದರೆ ಸಾಕಿತ್ತು ಎಂಬುದೂ ಅಷ್ಟೇ ನಿಜ. ಕೈ ಸೂಪರ್ ಗ್ಲೂ ತೆಗೆದುಕೊಂಡಿತು. ವಿಚಿತ್ರವೆಂದರೆ ಆಗ ಮಾತ್ರ ಅದು ನಡುಗಲಿಲ್ಲ. ಅಂಚಿಗೆ ಬೇಕಾದದ್ದಕ್ಕಿಂತ ಧಾರಾಳವಾಗಿಯೇ ಹಚ್ಚಿ, ಗಾಜನ್ನು ಕೂರಿಸಿ, ವಿಮಾನವನ್ನು ಡಬ್ಬಿಯಲ್ಲಿಟ್ಟು, ಮುಚ್ಚಳ ಮುಚ್ಚುವ ಮೊದಲು ಬಗ್ಗಿ ನೋಡಿದ. ಮೊದಲು ಏನೂ ಆಗಲಿಲ್ಲ. ಮೀಸೆಯವನು ಗಾಜಿನೊಳಗಿಂದ ನೋಡುತ್ತಿದ್ದ. ಆಮೇಲೆ, ಬುಡದ ಕಡೆಯಿಂದ, ಹಾಲು ಚೆಲ್ಲಿದ ನೀರಿನ ಹಾಗೆ ಒಂದು ಬಿಳುಪು ಮೇಲಕ್ಕೆ ಹತ್ತತೊಡಗಿತು. ಆಗಲೂ ಗಾಜನ್ನು ಕಿತ್ತು ತೆಗೆಯಬಹುದಿತ್ತು. ಅವನು ಡಬ್ಬಿಯ ಮುಚ್ಚಳ ಹಾಕಿದ.

ತನ್ನ ಮೂಗು ಕೊಯ್ದುಕೊಂಡು ಎದುರಿನವರಿಗೆ ಅಪಶಕುನ ಮಾಡಿದವನ ಕಥೆಯನ್ನು ಚಿಕ್ಕಂದಿನಲ್ಲಿ ಅಜ್ಜಿ ಹೇಳಿದ್ದಳು. ಆ ಮನುಷ್ಯನಿಗೆ ಆಮೇಲೆ ಹೇಗನ್ನಿಸಿತು ಎಂದು ಅಜ್ಜಿ ಹೇಳಿರಲಿಲ್ಲ. ಸ್ವಲ್ಪ ಹೊತ್ತು ಬಹಳ ಹಾಯಾಗಿತ್ತು ಎಂದು ನಕ್ಷೆಗಾರನಿಗೆ ಈಗ ತಿಳಿಯಿತು.

ಹೆಂಡತಿ ಗೆಳತಿಯರ ಜೊತೆ ಆಮೇಲೆ ಬರುವುದೆಂದು ಆಯಿತು. ಅವನು ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತ. ಕಂಡಕ್ಟರಿಗೆ ಸಣ್ಣ ಮೀಸೆ ಇತ್ತು.

“ಏನ್ ಸಾರ್, ಕೇಕಾ?”

“ಅಲ್ಲ, ವಿಮಾನ.”

“ವಿಮಾನ ಇಟ್ಕೊಂಡು ಬಸ್ಸಲ್ಲಿ ಹೋಗ್ತಿದ್ದೀರಲ್ಲ ಸಾರ್!” ಎಂದು ಕಂಡಕ್ಟರು ಎಡಕ್ಕೆ ವಾರೆಯಾಗಿ ನಕ್ಕ. ಹಿಂದಿನ ಸೀಟಿನವರೂ ನಕ್ಕರು. ನಕ್ಷೆಗಾರ ಟಿಕೆಟ್ಟನ್ನು ದಿಟ್ಟಿಸುತ್ತ, ಇವನೇ ಇರಬಹುದೇ ಎಂದು ಲೆಕ್ಕ ಹಾಕಿದ. ಹೆಂಡತಿ ಲ್ಯಾಬಿಗೆ ಹೋಗುವುದು ಇದೇ ಬಸ್ಸಿನಲ್ಲಿ. ಆದರೆ ಮುಂದಿನ ನಿಲ್ದಾಣದಲ್ಲಿ ಹತ್ತಿದ ದಪ್ಪ ಮನುಷ್ಯನಿಗೂ ಅದೇ ಮೀಸೆ; ಕಿಟಕಿಯಾಚೆ ಔಷಧಿ ಅಂಗಡಿಯ ಬಾಗಿಲು ಎತ್ತುತ್ತಿದ್ದವನಿಗೂ ಅದೇ; ಹೆಂಡತಿಯ ಲ್ಯಾಬಿನ ಮಾಲೀಕನಿಗೆ ಮೀಸೆ ಇತ್ತೋ ಇಲ್ಲವೋ ನೆನಪಾಗಲಿಲ್ಲ, ಆದರೆ ಇದ್ದರೆ ಹೀಗೆಯೇ ಇರುತ್ತದೆ ಎಂದು ಖಾತ್ರಿಯಾಯಿತು. ಇಳಿಯುವ ಹೊತ್ತಿಗೆ ಊರಿನ ಅರ್ಧ ಗಂಡಸರು ಅವನ ವಿಮಾನದಲ್ಲಿ ಕೂತು ಎದ್ದಿದ್ದರು. ಉಳಿದರ್ಧ ಜನ ಅವನ ಹಾಗೆ ಬೋಳು ಬೋಳಾಗಿದ್ದರು. ಅವರ ಮೇಲೆ ಅವನಿಗೆ ಯಾವ ದ್ವೇಷವೂ ಇರಲಿಲ್ಲ.

ಪ್ರದರ್ಶನದ ಹಾಲಿನಲ್ಲಿ ಉದ್ದನೆಯ ಮೇಜುಗಳಿಗೆ ಬಿಳಿ ಬಟ್ಟೆ ಹಾಸಿದ್ದರು. ಅವನು ಡಬ್ಬಿ ತೆರೆದ. ಗಾಜು ಕಣ್ಣಿನ ಪೊರೆ ಬಂದ ಹಾಗೆ ಬೆಳ್ಳಗಾಗಿ ಹೋಗಿತ್ತು. ಒಳಗೆ ಯಾರೋ ಇದ್ದಾರೆ ಎಂಬುದಷ್ಟೇ ಗೊತ್ತಾಗುತ್ತಿತ್ತು, ಮಂಜು ಕಟ್ಟಿದ ಕಿಟಕಿಯ ಹಿಂದೆ ಯಾರೋ ನಿಂತ ಹಾಗೆ. ಇಷ್ಟು ಕಷ್ಟಪಟ್ಟು ಕಟ್ಟಿದ ವಿಮಾನ, ಹೊಸಬರೂ ಮಾಡದ ತಪ್ಪಿನೊಂದಿಗೆ, ಅವನದೇ ಹೆಸರಿನ ಚೀಟಿಯ ಹಿಂದೆ ಕೂತಿತು. ಕೈಗೆ ಸಿಕ್ಕಿದ ಸಮಾಧಾನ ಇಷ್ಟೇ: ಮುಖ ಯಾರಿಗೂ ಕಾಣುವುದಿಲ್ಲ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ. ಅವನು ಪೈಲಟ್ಟಿನ ಕಣ್ಣು ಮುಚ್ಚಿದ್ದ, ಕುಡಿಯುವುದಕ್ಕೆ ಹಾಲೂ ಇರಲಿಲ್ಲ.

ಅಧ್ಯಕ್ಷರು ಬಂದರು. ಜೇಬಿನಲ್ಲಿ ಯಾವಾಗಲೂ ಪೆನ್ನಿನಂಥ ಟಾರ್ಚು ಇರುವುದರಿಂದ ಎಲ್ಲರೂ ಅವರನ್ನು ಕರೆಯುವುದು ಟಾರ್ಚಣ್ಣ ಎಂದೇ. ರೆಕ್ಕೆಯ ಕೆಳಗೆ ಬೆಳಕು ಬಿಟ್ಟರು, ಚಕ್ರದ ಸಂದಿಗೆ ಬಿಟ್ಟರು, ಕೊನೆಗೆ ಗಾಜಿನ ಮೇಲೆ ಬಿಟ್ಟು ಬಹಳ ಹೊತ್ತು ಬಗ್ಗಿ ನಿಂತರು. ನಕ್ಷೆಗಾರ ಬಾಯಿ ತೆರೆದು, ಆತುರದಲ್ಲಿ ಏನೋ ಆಗಿಬಿಟ್ಟಿತು ಎಂದು ಹೇಳಲು ಹೊರಟ.

“ಹಿಮ!” ಎಂದರು ಟಾರ್ಚಣ್ಣ.

“ಆಂ?”

“ಮೇಲೆ, ಅಷ್ಟೆತ್ತರದಲ್ಲಿ, ಗಾಜಿಗೆ ಹಿಮ ಕಟ್ಟಿದೆ. ಬನ್ರೀ ಎಲ್ಲ, ಬನ್ನಿ ಇಲ್ಲಿ! ವರ್ಷಗಟ್ಟಲೆ ಬಾಯಿ ಬಡ್ಕೊಳ್ತಾ ಇದ್ದೀನಿ, ವಿಮಾನ ಕಟ್ತೀರಿ, ಹವಾಮಾನ ಕಟ್ಟಲ್ಲ ಅಂತ. ಇವ್ರು ಕಟ್ಟಿದಾರೆ ನೋಡಿ.”

ಜನ ಸೇರಿದರು. ಯಾರೋ ಫೋಟೋ ತೆಗೆದರು. ಬುಡದಲ್ಲಿ ದಟ್ಟ, ಮೇಲೆ ತೆಳು, ಎಷ್ಟು ಸಹಜ ಎಂದು ಒಬ್ಬರು. ಏರ್‌ಬ್ರಶ್ಶಿನಲ್ಲಿ ಒಳಗಡೆಯಿಂದ ಹೊಡೆದದ್ದಾ ಎಂದು ಇನ್ನೊಬ್ಬರು. ನಕ್ಷೆಗಾರನಿಗೆ ಮೊದಲು ಗಾಬರಿಯಾಯಿತು, ಆಮೇಲೆ ನಾಚಿಕೆಯಾಯಿತು, ಆಮೇಲೆ, ಅವನಿಗೇ ಆಶ್ಚರ್ಯವಾಗುವಷ್ಟು ಬೇಗ, ಸಂತೋಷವಾಯಿತು. ಗಂಟಲು ಸರಿಮಾಡಿಕೊಂಡ. ಇದು ಸೂಪರ್ ಗ್ಲೂವಿನ ಆವಿ; ಎಲ್ಲರೂ ತಪ್ಪು ಎಂದು ಹೆದರುತ್ತಾರೆ, ಆದರೆ ಹೆದರಿಕೆಯನ್ನೇ ಪಳಗಿಸಿದರೆ ಹೀಗೆ; ತಾನು ಅನೇಕ ತಿಂಗಳು ಹಳೆಯ ಗಾಜುಗಳ ಮೇಲೆ ಪ್ರಯೋಗ ಮಾಡಿ, ಎಷ್ಟು ಹಚ್ಚಬೇಕು, ಯಾವಾಗ ಮುಚ್ಚಬೇಕು ಎಂಬ ಹದವನ್ನು ಕಂಡುಕೊಂಡದ್ದು. ಮಾತು ತಾನಾಗಿ ಬರುತ್ತಿತ್ತು. ಬೆರಳೆತ್ತಿ ಹೇಳುತ್ತಿದ್ದ. “ಬೇಕು ಅಂತಲೇ ಮಾಡಿದ್ದು,” ಎಂದ. ಅಷ್ಟು ಹೊತ್ತಿನಲ್ಲಿ ಅವನು ಆಡಿದ ಒಂದೇ ಒಂದು ನಿಜ ಅದು, ಆಡಿದ ಮೇಲೆ ಅವನಿಗೆ ಕಂಡದ್ದು ಜನರ ಹಿಂದೆ ನಿಂತ ಹೆಂಡತಿ.

ಒಳ್ಳೆಯ ಬಟ್ಟೆ ಉಟ್ಟಿದ್ದಳು. ಎರಡೂ ಪಕ್ಕದಲ್ಲಿ ಲ್ಯಾಬಿನವರು, ಮೇಣದ ಕೆಲಸದವಳು ಮತ್ತು ಪಿಂಗಾಣಿಯವಳು. ಅವರೂ ಒಳ್ಳೆಯ ಬಟ್ಟೆಯಲ್ಲೇ ಬಂದಿದ್ದರು.

“ಎಲ್ಲಿ ಅಕ್ಕಾ ನಿನ್ನ ಪೈಲಟ್ಟು?” ಎಂದು ಮೇಣದವಳು ಮುಂದೆ ನುಗ್ಗಿದಳು.

“ಒಳಗೇ ಇದಾನೆ, ಬಗ್ಗಿ ನೋಡು,” ಎಂದು ಹೆಂಡತಿ ತಾನೂ ಬಗ್ಗಿದಳು. ಬಗ್ಗಿದವಳು ಹಾಗೇ ನಿಂತಳು. ಲ್ಯಾಬಿನಲ್ಲಿ ಒಡೆದ ಅಚ್ಚು ಅಂಟಿಸಲು ದಿನಾ ಅದೇ ಸೂಪರ್ ಗ್ಲೂ ಬಳಸುವವಳು ಅವಳು; ಅವಳಿಗೆ ಹಿಮದ ಕಥೆ ಹೇಳುವ ಹಾಗಿರಲಿಲ್ಲ. ನಿಧಾನವಾಗಿ ಬೆನ್ನು ನೆಟ್ಟಗೆ ಮಾಡಿಕೊಂಡು ಗಂಡನನ್ನು ನೋಡಿದಳು. ಸಿಟ್ಟಿದ್ದರೆ ಅವನಿಗೆ ಅನುಕೂಲವಾಗುತ್ತಿತ್ತು. ಅವಳ ಮುಖದಲ್ಲಿ ಇದ್ದದ್ದು, ಅಂಗಡಿಯಲ್ಲಿ ಚಿಲ್ಲರೆ ತಪ್ಪು ಕೊಟ್ಟಾಗ ಇರುವಂಥ ಗೊಂದಲ, ಅಷ್ಟೆ.

“ಒಳಗೆ ಕಾಣ್ತಾ ಇಲ್ವಲ್ಲ,” ಎಂದಳು ಮೇಣದವಳು.

ಟಾರ್ಚಣ್ಣ ದೊಡ್ಡ ಮನಸ್ಸಿನಿಂದ ವಿವರಿಸಿದರು. “ಕಾಣ್ಬಾರ್ದಮ್ಮ. ಕಾಣದೇ ಇರೋದೇ ಈ ಕೆಲಸದ ಸೊಗಸು.”

“ನಮ್ದೂ ಅಂಥದೇ ಕೆಲಸ ಸಾರ್, ನಾವು ಹಲ್ಲು ಮಾಡೋರು,” ಎಂದಳು ಹೆಂಡತಿ ಮೆಲ್ಲಗೆ. “ಕಂಡ್ರೆ ವಾಪಸ್ ಬರುತ್ತೆ. ಅದಕ್ಕೇ ನನ್ನ ಕೆಲಸ ಒಂದಾದ್ರೂ ನಾಲ್ಕು ಜನ ನೋಡ್ಲಿ ಅಂತ ಇವ್ರನ್ನ ಕರ್ಕೊಂಡು ಬಂದೆ.”

ಅವಳ ಇಸ್ತ್ರಿ, ಗುನುಗು, ಎರಡು ಸಂಜೆ, ಬೆಳಿಗ್ಗೆಯಿಂದ ಅವನ ಮುಂದೆ ಬಿಡಿಬಿಡಿಯಾಗಿ ಬಿದ್ದಿದ್ದದ್ದೆಲ್ಲ ಈಗ ಒಂದಕ್ಕೊಂದು ಅಂಟಿಕೊಂಡಿತು. ಇಡೀ ಬೆಳಗು ಅವನು ಆ ಮುಖದಲ್ಲಿ ಒಬ್ಬ ಗಂಡಸನ್ನು ಹುಡುಕುತ್ತಿದ್ದ. ಇವಳು ಅಲ್ಲಿ ತನ್ನ ಕೈಯನ್ನು ಇಟ್ಟಿದ್ದಳು. ಅಂಥದನ್ನು ಅವನು ಬೇಕೆಂದೇ ಮುಚ್ಚಿದ್ದ, ಮುಚ್ಚಿದ್ದಕ್ಕೆ ಶಹಬಾಸ್‌ಗಿರಿಯನ್ನೂ ತೆಗೆದುಕೊಂಡಿದ್ದ.

ಮೇಜಿನ ಮೇಲೆ ರಿಪೇರಿಗೆಂದು ಇಟ್ಟ ಚೂಪು ಚಾಕು ಇತ್ತು. ಅವನು ಅದನ್ನು ಕೈಗೆತ್ತಿಕೊಂಡ.

“ಏನ್ರೀ ಮಾಡ್ತಿದ್ದೀರಾ?” ಎಂದರು ಟಾರ್ಚಣ್ಣ.

“ತೆಗೀತೀನಿ. ಇದು ಹಿಮ ಅಲ್ಲ, ಏನೂ ಅಲ್ಲ, ಮುಖ ಕಾಣಬಾರ್ದು ಅಂತ ಮುಚ್ಚಿದ್ದು. ಮುಖ ಇವಳು ಬರೆದದ್ದು,” ಎಂದ. ಚಾ‌ಕುವಿನ ತುದಿಯನ್ನು ಗಾಜಿನ ಅಂಚಿಗೆ ತಂದ. ಟಾರ್ಚಿನ ಬೆಳಕು ನೇರವಾಗಿ ಅವನ ಬೆರಳುಗಳ ಮೇಲಿತ್ತು. ಚಾಕು ನಡುಗಿತು, ಅಂಚಿಗೆ ತಾಗಿ ಟಿಕ್ ಟಿಕ್ ಎಂದು ಸದ್ದು ಮಾಡಿತು, ಜಾರಿ ಹಸಿರು ಬಣ್ಣದ ಮೇಲೆ ಒಂದು ಗೀರು ಎಳೆಯಿತು. ಇನ್ನೊಂದು ಕೈ ತಂದು ಹಿಡಿದುಕೊಂಡ; ಎರಡೂ ಕೈ ಸೇರಿ ನಡುಗಿದವು. ಮೃದುವಾದ ಅಂಚನ್ನು ಹೊಗಳಿದ್ದವರು ಬೇರೆಲ್ಲೋ ನೋಡುತ್ತ ನಿಂತರು. ಟಾರ್ಚಣ್ಣ ಟಾರ್ಚು ಆರಿಸಿದರು. ಅಷ್ಟು ಮರ್ಯಾದೆ ಅವನಿಗೆ ಬೈಗುಳಕ್ಕಿಂತ ಹೆಚ್ಚು ನಾಟಿತು.

“ಕೊಡಿ ಇಲ್ಲಿ,” ಎಂದಳು ಹೆಂಡತಿ.

ಅವನ ಕೈಯಿಂದ ಚಾಕು ತೆಗೆದುಕೊಂಡಾಗ ಅವಳ ಬೆರಳು ಅವನ ಬೆರಳ ಮೇಲೆ ಒಂದು ಕ್ಷಣ ನಿಂತಿತು. ಕನ್ನಡಕದ ಕಥೆಯನ್ನು ಅವಳು ನಂಬಿರಲೇ ಇಲ್ಲ ಎಂದು ಅವನಿಗೆ ಆಗ ಗೊತ್ತಾಯಿತು. ಅವಳು ತುದಿಯನ್ನು ಅಂಚಿನ ಕೆಳಗೆ ತೂರಿಸಿ ಸ್ವಲ್ಪ ತಿರುವಿದಳು, ಅಷ್ಟೆ. ಗಾಜು ಪಟಕ್ಕೆಂದು ಎದ್ದು ಬಂತು. ಎಲ್ಲರೂ ಬಗ್ಗಿದರು.

ಪೈಲಟ್ಟು ಸುಣ್ಣ ಬಳಿದ ಗೋಡೆಯ ಹಾಗಿದ್ದ. ಹೆಗಲ ಮೇಲೆ, ಟೋಪಿಯ ಮೇಲೆ, ಮುಖದ ಮೇಲೆ ಒಂದೇ ಸಮನಾದ ಬಿಳಿ ಕಿಟ್ಟ ಕೂತಿತ್ತು. ಕಣ್ಣು, ಬಾಯಿ, ಯಾವುದೂ ಇರಲಿಲ್ಲ. ಹೆಂಡತಿ ಉಗುರಿನ ತುದಿಯಿಂದ ಕೆನ್ನೆಯ ಹತ್ತಿರ ಒಮ್ಮೆ ಮುಟ್ಟಿ ನೋಡಿದಳು. ಬಿಳುಪಿನ ಜೊತೆ ಅಡಿಯ ಬಣ್ಣವೂ ಕಿತ್ತುಬಂತು. ಬೆರಳು ಹಿಂದಕ್ಕೆ ತೆಗೆದುಕೊಂಡಳು.

“ಯಾರದು ಆ ಮುಖ?” ನಕ್ಷೆಗಾರನಿಂದ ತಡೆಯಲಾಗಲಿಲ್ಲ. ಇಷ್ಟಾದ ಮೇಲೂ ಅವನ ಬಾಯಿಂದ ಬಂದದ್ದು ಇದೇ.

“ಯಾರದು ಅಂದ್ರೆ?” ಅವಳಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. ಅರ್ಥವಾಗುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಆದಾಗ, ಅವನನ್ನು ಮೇಲಿಂದ ಕೆಳಗಿನವರೆಗೆ ಒಮ್ಮೆ ನೋಡಿದಳು. “ಅದಕ್ಕಾ?” ಎಂದಳು. ಆಮೇಲೆ ಗಾಜನ್ನು ಬಿಳಿ ಬಟ್ಟೆಯ ಮೇಲೆ ಮೆಲ್ಲಗೆ ಇಟ್ಟು, “ಯಾರದೂ ಅಲ್ಲ ರೀ. ಸುಮ್ನೆ ಒಬ್ಬ ಮನುಷ್ಯ,” ಎಂದಳು.

ಪಿಂಗಾಣಿಯವಳು ನಡುವೆ ಬಂದಳು. “ಹೋಗ್ಲಿ ಬಿಡಕ್ಕಾ. ಹೇಗಿತ್ತು, ಅದನ್ನಾದ್ರೂ ಹೇಳು,” ಎಂದಳು.

“ಅವ್ರನ್ನೇ ಕೇಳು,” ಎಂದಳು ಹೆಂಡತಿ. “ನನ್ನ ಬಿಟ್ರೆ ನೋಡಿದೋರು ಅವ್ರೊಬ್ರೇ.”

ಎಲ್ಲರೂ ಅವನ ಕಡೆ ತಿರುಗಿದರು. ಲ್ಯಾಬಿನವರು, ಟಾರ್ಚಣ್ಣ, ಫೋಟೋ ತೆಗೆದವರು. ಹೆಂಡತಿ ಮಾತ್ರ ವಿಮಾನವನ್ನೇ ನೋಡುತ್ತ, ಆದರೆ ಕಿವಿಗೊಟ್ಟು ನಿಂತಿದ್ದಳು.

“ಮೀಸೆ ಇತ್ತು,” ಎಂದ ನಕ್ಷೆಗಾರ.

“ಕಣ್ಣು ಹೇಗಿತ್ತು ಸಾರ್?” ಎಂದಳು ಮೇಣದವಳು. “ಅಕ್ಕ ವಾರವೆಲ್ಲ ಕಣ್ಣಿಂದೇ ಮಾತು ನಮ್ಮತ್ರ.”

ಅವನು ನೆನಪು ಮಾಡಿಕೊಂಡ. ಭೂತಗನ್ನಡಿ ನೆನಪಾಯಿತು, ಅದನ್ನು ಹತ್ತಿರ ತಂದದ್ದು, ದೂರ ಹಿಡಿದದ್ದು, ಹೊಟ್ಟೆಯ ಉರಿ, ಎಲ್ಲ ನೆನಪಾಯಿತು. ಕಣ್ಣು ಕಪ್ಪೋ ಕಂದೋ, ಎತ್ತ ನೋಡುತ್ತಿತ್ತೋ, ರೆಪ್ಪೆ ಇತ್ತೋ ಇಲ್ಲವೋ, ಎಷ್ಟು ತಡಕಾಡಿದರೂ ಬರಲಿಲ್ಲ. ಎಲ್ಲರೂ ಕಾಯುತ್ತಿದ್ದರು. ಅವಳೂ ಈಗ ತಲೆಯೆತ್ತಿ ಅವನನ್ನು ನೋಡಿದಳು.

“ಮೀಸೆ ಇತ್ತು,” ಎಂದ ಮತ್ತೆ.